ಎಣ್ಣೆ ಹಡಗಿನ ಎದೆಬಡಿತ

ಬಾಯ್ಲರ್ ಕಾಯುವವನಿಗೆ ಸಿಟ್ಟು ಬರಕೂಡದು ಎಂದು ಯಾವ ಸರಕಾರವೂ ಕಾನೂನು ಮಾಡಿಲ್ಲ. ಆದರೂ ಗೋವಿಂದನ ಪಾಲಿಗೆ ಅಂಥದ್ದೊಂದು ಕಾನೂನು ಅವನು ಹುಟ್ಟುವ ಮೊದಲೇ ಜಾರಿಯಲ್ಲಿತ್ತು. ನೈರೋಬಿಯ ಮೊಂಬಾಸಾ ರಸ್ತೆಯ ಔಷಧ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಕೊಟ್ಟವರು ಅಲ್ಲಿನ ಜನರಲ್ ಮ್ಯಾನೇಜರ್ ಶ್ರೀನಿವಾಸಮೂರ್ತಿ. ಅವನ ಅಪ್ಪನಿಗೆ ಬೆಂಗಳೂರಿನಲ್ಲಿ ವಾಚ್‌ಮನ್ ಕೆಲಸ ಕೊಡಿಸಿದವರು ಮೂರ್ತಿಯವರ ಅಪ್ಪ. ಅವನ ಅಜ್ಜಿ ಭಾನುಮತಿಯ ಮದುವೆಗೆ ಧಾರೆ ಸೀರೆ ಕಳಿಸಿದವರು ಮೂರ್ತಿಯವರ ತಾತ ದ್ವಾರಕಾನಾಥ್. ಇಷ್ಟು ಸಾಲದೆಂಬಂತೆ ಗೋವಿಂದನ ಭಾವ ಈಗ ಮೂರ್ತಿಯವರ ತಮ್ಮನ ಕಾರು ಓಡಿಸುತ್ತಿದ್ದ. ಒಂದೇ ಮನೆಯ ಅನ್ನ ಇಷ್ಟು ತಲೆಮಾರು ಉಂಡವನು ಸಿಟ್ಟು ಮಾಡಿಕೊಂಡರೆ ಕೂತ ಕೊಂಬೆಗೆ ತಾನೇ ಕೊಡಲಿ ಹಾಕಿದಂತೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಗೋವಿಂದನಿಗೂ ಇಷ್ಟು ಗೊತ್ತಾಗುತ್ತಿತ್ತು. ಗೊತ್ತಾದರೆ ಏನಾಯಿತು? ಸಿಟ್ಟು ಬರುವುದು ಬರುತ್ತಲೇ ಇತ್ತು.

ಆ ಅನ್ನದ ಬೇರು ಒಂದು ಹಡಗಿನಲ್ಲಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಬಾದಾನದಿಂದ ಎಣ್ಣೆ ತುಂಬಿಕೊಂಡು ಮೊಂಬಾಸಾಕ್ಕೆ ಬರುತ್ತಿದ್ದ ಎಲ್ಡನ್‌ಮೂರ್ ಎಂಬ ಟ್ಯಾಂಕರ್ ಅದು. ಇನ್ನೇನು ಕೀನ್ಯಾದ ದಡ ಕಾಣಬೇಕು ಎನ್ನುವಾಗ ಜಪಾನಿನ ಸಬ್‌ಮರೀನೊಂದು ಅದರ ಹೊಟ್ಟೆಗೆ ಟಾರ್ಪಿಡೋ ಬಿಟ್ಟಿತು. ಮೇಲೆ ವೈರ್‌ಲೆಸ್ ಆಪರೇಟರ್ ಆಗಿದ್ದ ದ್ವಾರಕಾನಾಥ್ ದೋಣಿ ಹತ್ತಿ ಬದುಕಿದರು. ಕೆಳಗೆ ಬಾಯ್ಲರಿಗೆ ಬೆಂಕಿ ಕೊಡುತ್ತಿದ್ದ ಹೊನ್ನಾವರದ ಕಡೆಯ ಜಟ್ಟಪ್ಪ ಅಂಬಿಗ ಬದುಕಲಿಲ್ಲ. ಆ ಜಟ್ಟಪ್ಪನ ಮಗಳೇ ಭಾನುಮತಿ. ಮನೆಗೆ ಯಾವ ಹೊಸಬರು ಬಂದರೂ ಮೂರ್ತಿ ಈ ಕತೆ ಹೇಳದೆ ಬಿಡುತ್ತಿರಲಿಲ್ಲ.

"ಒಂದೇ ಹಡಗು ರೀ. ನಮ್ಮ ತಾತ ಮೇಲೆ, ಇವನ ಮುತ್ತಜ್ಜ ಕೆಳಗೆ. ಆವತ್ತಿಂದ ಇವರ ಮನೆ ಜವಾಬ್ದಾರಿ ನಮ್ಮದು. ಯಾರು ಮಾಡ್ತಾರೆ ಹೇಳಿ ಈ ಕಾಲದಲ್ಲಿ?"

ಬಂದವರು ಗೋವಿಂದನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಗ್ರೇಟ್ ಸರ್, ಗ್ರೇಟ್" ಎನ್ನುತ್ತಿದ್ದರು. ಗ್ರೇಟ್ ಆದವರು ಮೂರ್ತಿ. ಗೋವಿಂದ ಪಾನಕದ ತಟ್ಟೆ ಹಿಡಿದುಕೊಂಡು ನಿಂತಿರುತ್ತಿದ್ದ.

ನವೆಂಬರ್ ಬಂತೆಂದರೆ ನೈರೋಬಿಯ ಕನ್ನಡಿಗರಿಗೆ ಕನ್ನಡ ನೆನಪಾಗುತ್ತದೆ. ವರ್ಷವಿಡೀ ಮಕ್ಕಳೊಡನೆ ಇಂಗ್ಲಿಷ್, ಮನೆಗೆಲಸದವರೊಡನೆ ಮುರುಕು ಸ್ವಾಹಿಲಿ, ಆಫೀಸಿನಲ್ಲಿ ಮತ್ತೆ ಇಂಗ್ಲಿಷ್. ಆ ಒಂದು ಭಾನುವಾರ ಮಾತ್ರ ಹೆಗಲಿಗೆ ಹಳದಿ ಕೆಂಪು ಶಾಲು ಬೀಳುತ್ತದೆ, ಬಾಯಿಗೆ ಭುವನೇಶ್ವರಿ ಬರುತ್ತಾಳೆ. ಆ ವರ್ಷ ಕನ್ನಡ ಸಂಘಕ್ಕೆ ಮೂರ್ತಿಯವರೇ ಅಧ್ಯಕ್ಷರು. ರಾಜ್ಯೋತ್ಸವಕ್ಕೆ ಎಲ್ಡನ್‌ಮೂರ್ ಹಡಗಿನದೇ ಕಿರುನಾಟಕ ಆಡಿಸುವುದೆಂದು ತೀರ್ಮಾನವಾಯಿತು. ಬರೆದವಳು ಮೂರ್ತಿಯವರ ಮಗಳು ಅಮೂಲ್ಯಾ. ಇನ್ನೂ ಕಾಲೇಜು ಮೆಟ್ಟಿಲು ಹತ್ತದ ಹುಡುಗಿ ಅವಳು, ಇಂಗ್ಲಿಷಿನಲ್ಲಿ ಬರೆದಳು. ಅದನ್ನು ಕನ್ನಡಕ್ಕೆ ತಂದು ನಿರ್ದೇಶನಕ್ಕೆ ನಿಂತವನು ಪ್ರಶಾಂತ್. ಊರ ನಡುವಿನ ಸಿಬಿಡಿಯ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗಕ್ಕೆ ಬೆಂಗಳೂರಿನಿಂದ ಬಂದಿದ್ದವನು, ಕಾಲೇಜಿನಲ್ಲಿ ಎರಡು ನಾಟಕ ಆಡಿದ್ದನಂತೆ. ನಾಟಕಕ್ಕೆ 'ಹಡಗಿನ ಹೃದಯ' ಎಂದು ಹೆಸರಿಟ್ಟವನೂ ಅವನೇ.

ಕಿಲೆಲೆಶ್ವಾದ ಅವನ ಫ್ಲ್ಯಾಟಿನಲ್ಲಿ ರಿಹರ್ಸಲ್. ಗೋವಿಂದ ಸೌತ್ ಸಿ ಬಡಾವಣೆಯ ತನ್ನ ಕೋಣೆಯಿಂದ ಎರಡು ಮಟಾಟು ವ್ಯಾನು ಬದಲಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಉಳಿದವರೆಲ್ಲ ಸೋಫಾದಲ್ಲಿ ಕೂತಾಗಿತ್ತು.

"ಬಾರಪ್ಪ ಗೋವಿಂದ," ಎಂದ ಪ್ರಶಾಂತ್. "ನಿಂಗೆ ಎರಡು ಡಿಪಾರ್ಟ್‌ಮೆಂಟ್. ಒಂದು ಹೊಗೆ. ಬಾಯ್ಲರ್ ಮನುಷ್ಯ, ನಿಂಗೆ ಹೇಳ್ಕೊಡೋದೇನಿದೆ? ಇನ್ನೊಂದು ಹಾರ್ಟು."

"ಯಾರ ಹಾರ್ಟು ಸರ್?"

"ನಿನ್ ಲವರ್‌ದಲ್ಲ ಕಣೋ, ಹಡಗಿಂದು!"

ಎಲ್ಲರೂ ನಕ್ಕರು. ಗೋವಿಂದನೂ ನಕ್ಕ. ನಗದಿದ್ದರೆ ಮುಖ ಉಬ್ಬಿಸಿಕೊಂಡ ಎನ್ನುತ್ತಾರೆ.

ಅಮೂಲ್ಯಾ ಕೊನೆಯ ದೃಶ್ಯ ಓದಿದಳು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವವರಂತೆ ಓದುತ್ತಿದ್ದಳು. "ದ್ವಾರಕಾನಾಥ್ ದೋಣಿಯಲ್ಲಿ ಕೂತಿದ್ದಾರೆ. ಎಂಜಿನ್ ನಿಂತಿದೆ. ಬೆಂಕಿ ಆರಿದೆ. ಸಮುದ್ರ ಸೈಲೆಂಟ್ ಆಗಿದೆ. ಆದರೆ ಹಡಗಿನ ಹೃದಯ ಇನ್ನೂ ಬಡಿಯುತ್ತಿದೆ. ಢಣ್. ಢಣ್. ಢಣ್. ನೀರು ಪೂರ್ತಿ ಬರೋ ತನಕ ಅದು ಬಡೀತಾನೇ ಇತ್ತು."

"ಇಲ್ಲಿ ನೀನು ತಗಡು ಬಡೀಬೇಕು," ಎಂದ ಪ್ರಶಾಂತ್. "ನಿಧಾನಕ್ಕೆ. ಆಡಿಯನ್ಸ್ ಕಣ್ಣಲ್ಲಿ ನೀರು ಬರ್ಬೇಕು."

ಗೋವಿಂದ ತಲೆ ಆಡಿಸಿದ. ಆಡಿಸಿದ ತಲೆ ಅರ್ಧಕ್ಕೇ ನಿಂತಿತು. "ಎಂಜಿನ್ ನಿಂತಿತ್ತು ಅಂತಲ್ವಾ ಸರ್ ಓದಿದ್ದು?"

"ಟಾರ್ಪಿಡೋ ಬಿದ್ಮೇಲೆ ನಿಲ್ದೆ ಇನ್ನೇನು ಡ್ಯಾನ್ಸ್ ಮಾಡತ್ತಾ?"

"ಮತ್ತೆ ಬಡೀತಾ ಇದ್ದದ್ದು ಏನು?"

"ಅಯ್ಯೋ, ಕಲ್ಪನೆ ಕಣೋ. ಅದಕ್ಕೇ ನಾಟಕ ಅನ್ನೋದು."

"ಕಲ್ಪನೆ ಅಲ್ಲ ಅಂಕಲ್," ಎಂದಳು ಅಮೂಲ್ಯಾ. "ಇಟ್ ಈಸ್ ಟ್ರೂ. ಮುತ್ತಾತ ಹೇಳ್ತಿದ್ರಂತೆ, ದೋಣೀಲಿ ಎಲ್ಲರಿಗೂ ಕೇಳಿಸ್ತಿತ್ತಂತೆ. ಲೈಕ್ ಸಮ್‌ಬಡಿ ಈಸ್..."

ಅವಳ ಮಾತು ಅಲ್ಲೇ ಕಡಿಯಿತು. ಹುಡುಗಿ ಕೈಯಲ್ಲಿದ್ದ ಹಾಳೆ ನೋಡಿದಳು, ಗೋವಿಂದನನ್ನು ನೋಡಿದಳು. ಕೋಣೆಯಲ್ಲಿದ್ದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಂತ ಹಡಗು ತಾನಾಗಿ ಬಡಿಯುವುದಿಲ್ಲ. ಒಳಗೆ ಜೀವ ಇದ್ದವರು ಬಡಿದರೆ ಬಡಿಯುತ್ತದೆ.

"ಓಕೆ, ಟೀ ಬ್ರೇಕ್," ಎಂದ ಪ್ರಶಾಂತ್. "ಚಕ್ಕುಲಿ ಇದೆ, ಊರಿಂದ ಬಂದಿದ್ದು. ತಗೊಳ್ಳಿ, ತಗೊಳ್ಳಿ."

ಎಲ್ಲರೂ ಚಕ್ಕುಲಿ ತಗೊಂಡರು.

ಮರುದಿನ ಬೆಳಿಗ್ಗೆ ಬಾಯ್ಲರ್ ಹಚ್ಚಿ, ಅದು ಬಿಸಿಯಾಗುವ ಹೊತ್ತಿನಲ್ಲಿ ಗೋವಿಂದ ಊರಿಗೆ ಫೋನ್ ಮಾಡಿದ. ಅಜ್ಜಿಗೆ ಕಿವಿ ಮಂದ. ಅವನು ಕೂಗಬೇಕಾಯಿತು. ಪಕ್ಕದಲ್ಲಿ ನೀರಿನ ಪಂಪ್ ನೋಡಿಕೊಳ್ಳುತ್ತಿದ್ದ ಅವನ ಜೊತೆಗಾರ ಜೋಸೆಫ್, ಇವನು ಯಾರ ಮೇಲೋ ಜಗಳ ತೆಗೆದಿದ್ದಾನೆಂದು ತಿಳಿದು ತಿರುಗಿ ನೋಡಿದ.

"ಅಜ್ಜೀ, ನಿನ್ನ ಅಪ್ಪ ಹ್ಯಾಗೆ ಸತ್ತ?"

"ಬೆಳಿಗ್ಗೆ ಎದ್ದು ಇದೆಂತ ಕೇಳೂದು ತಮಾ? ಚಾ ಕುಡದ್ಯಾ?"

"ಕುಡದೆ. ಹೇಳು."

ಗೋವಿಂದ ನಾಟಕದ ವಿಷಯ ಹೇಳಿದ. ಹಡಗಿನ ಹೃದಯ, ತಗಡು, ಢಣ್ ಢಣ್ ಎಲ್ಲ ಹೇಳಿದ.  

"ಗುತ್ತದೆ ನಂಗೆ," ಎಂದಳು ಅಜ್ಜಿ. "ಸಣ್ಣಿರೂವಾಗ್ಲೇ ಗುತ್ತು. ಪೀಟರ್ ಅಂತ ನಮ್ಮ ಕೇರಿಯಂವ ಆ ಹಡಗದ ಮೇಲಿದ್ದ, ಡೆಕ್ಕಿನ ಕೆಲ್ಸಕ್ಕೆ. ಉಳ್ದು ಬಂದ. ನಮ್ಮನೆ ಅಂಗಳದಲ್ಲಿ ಕೂತು ಅಬ್ಬೆಗೆ ಎಲ್ಲಾ ಹೇಳದ. ಬೆಂಕಿ ಕೆಳಗಿಂದ ದೋಣಿ ಹತ್ರ ಬತ್ತದೆ ಅಂದೇಳಿ ಹಡಗದ ಸಾಹೇಬ ಏಣಿ ಬಾಗಿಲು ಹಾಕೂಕೆ ಹೇಳದ್ನಂತೆ. ಕಬ್ಬಿಣದ ಬಾಗಿಲು. ಹೊರಗಿಂದ ತಿರುಪು. ತಿರುಪಿದ್ದು ತಂತಿ ರಾಯ್ರು."

"ತಂತಿ ರಾಯರು ಅಂದ್ರೆ?"

"ದ್ವಾರಕಾನಾಥ ರಾಯ್ರು. ಮತ್ಯಾರು."

ಬಾಯ್ಲರ್ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಕೆಳಗೆ ಬೆಂಕಿ ಹತ್ತಲೇ ಇಲ್ಲವಂತೆ," ಎಂದಳು ಅಜ್ಜಿ. "ಹತ್ತಿದ್ರೆ ಬೇಗ ಮುಗೀತಿತ್ತು. ತೆಗೀಬೋದಿತ್ತು ಬಾಗಿಲು. ದೋಣಿಯಿಂದ ತಿರುಗಿ ಹೋಗೂಕೆ ಯಾರೂ ಒಪ್ಲಿಲ್ಲ. ಯುದ್ಧ ಮುಗ್ದ ಮೇಲೆ ರಾಯ್ರು ಬಂದಿದ್ರು. ಜಗಲಿ ಹತ್ತಲಿಲ್ಲ. ನೀರು ಕೊಟ್ರೆ ಮುಟ್ಟಲಿಲ್ಲ. ಅಂಗಳದಲ್ಲೇ ನಿಂತು, ಈ ಮನೆ ಇನ್ನು ಮೇಲೆ ನಂದು ಅಂದ್ರು. ಬಾಗ್ಲ ಮಾತು ಅವ್ರೂ ಎತ್ಲಿಲ್ಲ, ಅಬ್ಬೆಯೂ ಎತ್ಲಿಲ್ಲ."

"ಯಾಕೆ? ಯಾಕೆ ಎತ್ಲಿಲ್ಲ? ಮುಖಕ್ಕೆ ಉಗೀಬೇಕಿತ್ತು!"

"ಉಗದ್ರೆ ಒಲೆ ಹತ್ತತದ್ಯಾ? ನೀ ಸುಮ್ನಿರು. ನಿನ್ನ ಭಾವ ಈಗ್ಲೂ ಅವ್ರ ಮನೇಲಿದ್ದ. ನೀ ಅವ್ರ ಮನೇಲಿದ್ದೆ."

 ಆಮೇಲೆ ಅಜ್ಜಿಯೇ, ಬೆಲ್ಲ ತರಲು ಹೇಳುವಷ್ಟು ಮೆಲ್ಲಗೆ, "ಒಂದು ಕೆಲ್ಸ ಮಾಡೂಕಾಗ್ತದ್ಯಾ?" ಎಂದಳು.

ಅವರ ಕೇರಿಯಲ್ಲಿ ಸತ್ತವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಎಡೆ ಇಡುತ್ತಾರೆ. ಮನೆಯಲ್ಲಿ ಸತ್ತವರ ಎಲೆ ಒಳಗೆ, ದೇವರ ಗೂಡಿನ ಕೆಳಗೆ. ನೀರಿನಲ್ಲಿ ಹೋದವರ ಎಲೆ ಹೊಸ್ತಿಲ ಹೊರಗೆ. ಅವರನ್ನು ಒಳಗೆ ತರಬೇಕೆಂದರೆ, ಅವರು ಹೋದ ಸೀಮೆಯಲ್ಲಿ, ನಮ್ಮ ಮಾತು ಬಲ್ಲ ಹತ್ತು ಜನರ ಸಭೆಯ ಎದುರು ಅವರ ಹೆಸರು ಹಿಡಿದು ಕರೆಯಬೇಕು. ಸಭೆಯ ಹಿರಿಯರು ಕರೆದರೂ ಸೈ, ಮನೆಯವರು ಕರೆದರೂ ಸೈ. ಆದರೆ ಒಂದು ಬಾಯಿ ಒಂದೇ ಸಲ ಕರೆಯಬೇಕು. ಸಭೆ ಕೇಳಿಸಿಕೊಳ್ಳದೆ ಹೋದರೆ ಆ ಬಾಯಿಯಿಂದ ಮತ್ತೆ ಕರೆಯುವ ಹಾಗಿಲ್ಲ. ಸತ್ತವರು ತಮಾಷೆ ಎಂದುಕೊಳ್ಳುತ್ತಾರೆ. ಹೊಳೆಯಲ್ಲಿ ಹೋದವರನ್ನು, ಮಲ್ಪೆ ಗೋವೆಯ ಕಡಲಲ್ಲಿ ಹೋದವರನ್ನು ಹೀಗೆ ಕರೆದು ತಂದಿದ್ದರು. ಆಫ್ರಿಕಾಕ್ಕೆ ಹೋಗಿ ಕರೆಯುವವರು ಯಾರು? ಭಾನುಮತಿಗೆ ಬುದ್ಧಿ ಬಂದಾಗಿನಿಂದ ಅಪ್ಪನ ಎಲೆ ಹೊರಗೇ ಇತ್ತು.

"ಆ ದೇಶದಲ್ಲೇ ಇದ್ದೆ ನೀನು," ಎಂದಳು ಅಜ್ಜಿ. "ನಮ್ಮ ಮಾತಿನವ್ರೇ ಸೇರ್ತಾರೆ ಅಂತೆ. ಆ ನಾಟ್ಕದಲ್ಲಿ ಅಪ್ಪನ ಹೆಸ್ರು ಒಂದ್ಸಲ ಹೇಳ್ಸು. ಬಾಗ್ಲು ಗೀಗ್ಲು ಎಂತದೂ ಬೇಡ ತಮಾ. ಬರೀ ಹೆಸ್ರು. ಅದೇ ಹೊತ್ತಿಗೆ ನಾ ಇಲ್ಲಿ ಎಲೆ ಹಾಕ್ಕಂಡು ಕೂತ್ಕಂಡಿರ್ತೆ. ಕಿವಿಗೆ ಬಿದ್ದದ್ದೇ ಎತ್ತಿ ಒಳಗೆ ಒಯ್ತೆ."

ಫೋನ್ ಇಟ್ಟ ಮೇಲೆ ಜೋಸೆಫ್ ಕೇಳಿದ, "ಸವಾ, ಗೋವಿ?"

"ಸವಾ," ಎಂದ ಗೋವಿಂದ. ಸ್ವಾಹಿಲಿಯಲ್ಲಿ ಅದರರ್ಥ ಎಲ್ಲ ಸರಿ ಇದೆ ಎಂದು.

ಮೂರ್ತಿಯವರ ಕ್ಯಾಬಿನ್ನಿನಲ್ಲಿ ಎಸಿ ಇತ್ತು, ಗಣಪತಿ ಇದ್ದ, ಗೋಡೆಯ ಮೇಲೆ ದ್ವಾರಕಾನಾಥರ ಕಪ್ಪು ಬಿಳುಪು ಫೋಟೋ ಇತ್ತು. ಬಿಳಿ ಸಮವಸ್ತ್ರ, ಕೈಯಲ್ಲಿ ಟೋಪಿ. ಗೋವಿಂದ ನಿಂತುಕೊಂಡೇ ಕೇಳಿದ.

"ಸಾರ್, ಭಾನುವಾರ ನಮ್ಮ ಮುತ್ತಜ್ಜನ ಹೆಸರು ಒಂದು ಸಲ ಮೈಕಲ್ಲಿ ಹೇಳ್ಬೇಕು."

"ಅಷ್ಟೇ ತಾನೆ? ಖಂಡಿತ ಕಣಯ್ಯ. ವಂದನಾರ್ಪಣೆ ನಾನೇ ಮಾಡ್ತಿರೋದು. ಹೇಳ್ತೀನಿ."

ಇಷ್ಟು ಸಲೀಸಾಗಿ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಗೆ ಬರಬೇಕಿತ್ತು. ಅಜ್ಜಿ ಹೇಳಿದ್ದೂ ಅದನ್ನೇ. ಆದರೆ ಗೋವಿಂದನ ಕಣ್ಣು ಆ ಫೋಟೋದ ಮೇಲೆ ಬಿತ್ತು. ಟೋಪಿ ಹಿಡಿದ ಕೈ ಮೇಲೆ ಬಿತ್ತು.

"ಸಾರ್, ಅದು ಹಡಗಿನ ಹೃದಯ ಅಲ್ಲ ಸಾರ್."

ಮೂರ್ತಿ ಪೆನ್ನಿನ ಮುಚ್ಚಳ ಹಾಕಿದರು. ಏನು ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ಉತ್ತರವಾಯಿತು.

"ಬಾಗಿಲು ಹಾಕ್ಕೊಂಡು ಬಾ," ಎಂದರು. ಹಾಕಿಕೊಂಡು ಬಂದ ಮೇಲೆ ದನಿ ತಗ್ಗಿಸಿದರು. "ನೋಡು. ತಾತ ಕೊನೆಗಾಲದಲ್ಲಿ ನಮ್ಮನೇಲಿ ಒಂದು ಬಾಗಿಲೂ ಮುಚ್ಚೋಕೆ ಬಿಡ್ತಿರ್ಲಿಲ್ಲ. ಬಚ್ಚಲುಮನೇದೂ ಬಿಡ್ತಿರ್ಲಿಲ್ಲ. ನಮ್ಮಜ್ಜಿ ಸ್ನಾನಕ್ಕೆ ಹೋದ್ರೆ ನಾವು ಸೀರೆ ಅಡ್ಡ ಹಿಡ್ಕೊಂಡು ನಿಲ್ತಿದ್ವಿ. ಅನುಭವಿಸಿದ್ದಾರೆ ಅವರೂ. ಸಾಕಲ್ಲ?"

"ಅವರು ಮನೇಲಿ ಅನುಭವಿಸಿದ್ರು ಸಾರ್. ಇವರು ಕೆಳಗೆ..."

"ಆವತ್ತು ಹಾಕದೆ ಹೋಗಿದ್ರೆ ದೋಣೀಲಿದ್ದವರೂ ಸುಟ್ಟು ಹೋಗ್ತಿದ್ರು."

"ಹಾಗಾದ್ರೆ ಅದನ್ನೇ ಹೇಳಿ ಸಾರ್ ನಾಟಕದಲ್ಲಿ. ಹಾಕಲೇಬೇಕಾಯ್ತು, ಹಾಕಿದ್ವಿ ಅಂತ. ಸರಿಯಾಗೇ ಮಾಡಿದ್ರೆ ಮುಚ್ಚಿಡೋದು ಯಾಕೆ?"

ಮೂರ್ತಿಯವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಗೋವಿಂದನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ದಣಿದವರ ಹಾಗೆ ಕಣ್ಣು ಒತ್ತಿಕೊಂಡರು. "ಹೆಸರು ಹೇಳ್ತೀನಿ ಅಂದೆನಲ್ಲ. ಮಾತು ಕೊಟ್ಟಿದ್ದೀನಿ. ಉಳಿದದ್ದು ಬಿಡು. ಅಮೂಲ್ಯಾ ಮುಂದೆ ಅಂತೂ ಬೇಡ. ಚಿಕ್ಕ ಹುಡುಗಿ."

"ಜಟ್ಟಪ್ಪ ಅಂಬಿಗ ಸಾರ್. ಹೆಸರು."

"ಆಯ್ತು. ಜಟ್ಟಪ್ಪ. ಹೋಗು, ಸ್ಟೀಮ್ ಕಮ್ಮಿ ಇದೆ ಅಂತ ಕೆಳಗಿಂದ ಫೋನ್ ಬರ್ತಾ ಇದೆ."

ಭಾನುವಾರ ಸೌತ್ ಸಿಯ ಆ ಬಾಡಿಗೆ ಸಭಾಂಗಣ ತುಂಬಿ ತುಳುಕುತ್ತಿತ್ತು. ರೇಷ್ಮೆ ಸೀರೆ, ಜುಬ್ಬಾ, ಮಲ್ಲಿಗೆಯ ಬದಲು ಯಾವುದೋ ಬಿಳಿ ಹೂವಿನ ಮಾಲೆ. ಹಿಂದಿನ ಸಾಲಿನ ಹುಡುಗರು ಮೊಬೈಲಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ಪರದೆಯ ಹಿಂದೆ ಗೋವಿಂದ ಹೊಗೆಯ ಡಬ್ಬ ಸಿದ್ಧ ಮಾಡಿ, ಕಾರ್ಖಾನೆಯಿಂದ ತಂದ ದಪ್ಪ ತಗಡನ್ನು ಹಗ್ಗದಲ್ಲಿ ತೂಗು ಹಾಕಿದ. ಸಹಾಯಕ್ಕೆ ಜೋಸೆಫ್ ಬಂದಿದ್ದ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು.

"ಇದೇನು, ಚರ್ಚಿಗೆ ಬಂದ ಹಾಗೆ ಬಂದಿದ್ದೀ?" ಎಂದ ಗೋವಿಂದ ತನ್ನ ಕಲಬೆರಕೆ ಇಂಗ್ಲಿಷಿನಲ್ಲಿ.

"ಇಂಡಿಯನ್ನರ ಊಟ ಅಂದರೆ ಚರ್ಚಿಗಿಂತ ಹೆಚ್ಚು," ಎಂದ ಜೋಸೆಫ್. "ನಿನ್ನ ಮುಖ ಯಾಕೆ ಹೆಣದ ಮನೆಯವನ ಹಾಗಿದೆ?"

ಗೋವಿಂದ ತಗಡಿನ ಹಗ್ಗದ ಗಂಟು ಬಿಗಿದ. ಷರ್ಟಿನ ಜೇಬಿನಲ್ಲಿ ಫೋನು ಆನ್ ಇತ್ತು. ಆ ತುದಿಯಲ್ಲಿ ಅಜ್ಜಿ ಮಿಂದು ಮಡಿಯುಟ್ಟು, ಹೊಸ್ತಿಲ ಹೊರಗೆ ಬಾಳೆಲೆ ಹಾಸಿ, ಅನ್ನ, ಮೀನು ಸಾರು, ಅಪ್ಪನಿಗೆ ಇಷ್ಟವಿತ್ತೆಂದು ತಾಯಿ ಹೇಳುತ್ತಿದ್ದ ಬಾಳೆಹಣ್ಣಿನ ಸುಟ್ಟೇವು ಎಂಬ ಕರಿದ ಸಿಹಿ ಬಡಿಸಿಕೊಂಡು ಕೂತಿದ್ದಳು. "ನಾ ಇದ್ದೆ ತಮಾ, ನೀ ಗಡಿಬಿಡಿ ಮಾಡಬೇಡ" ಎಂದು ಆಗಲೇ ಎರಡು ಸಲ ಹೇಳಿದ್ದಳು.

ನಾಟಕ ಶುರುವಾಯಿತು. ಅಮೂಲ್ಯಾ ಮುತ್ತಾತನ ವೇಷದಲ್ಲಿ ಬಿಳಿ ಅಂಗಿ ತೊಟ್ಟು, ಪೆನ್ಸಿಲ್ ಮೀಸೆ ಬರೆದುಕೊಂಡು ವೈರ್‌ಲೆಸ್ ಯಂತ್ರದ ಮುಂದೆ ಕೂತಿದ್ದಳು. ಟಾರ್ಪಿಡೋ ಬಿತ್ತು. ಗೋವಿಂದ ಹೊಗೆ ಬಿಟ್ಟ. ಹೆಂಗಸರು ಕೆಮ್ಮಿದರು. ದೋಣಿ ಇಳಿಯಿತು. ದೀಪಗಳು ಒಂದೊಂದಾಗಿ ಆರಿದವು. ಪ್ರಶಾಂತ್ ಪಕ್ಕದಿಂದ ಕೈ ಬೀಸಿದ. ಗೋವಿಂದ ಸುತ್ತಿಗೆ ಎತ್ತಿದ.

ಢಣ್.

ಅವನು ಮೆಲ್ಲಗೆ ಬಡಿಯಬೇಕಿತ್ತು. ಮೊದಲ ಎರಡು ಮೆಲ್ಲಗೇ ಬಿದ್ದವು. ಆಮೇಲೆ ಕೈ ಅವನ ಮಾತು ಕೇಳಲಿಲ್ಲ. ಹೃದಯ ಯಾವತ್ತೂ ಹಾಗೆ ಬಡಿಯುವುದಿಲ್ಲ. ಒಂದು ಗಟ್ಟಿ, ಒಂದು ಸಣ್ಣ, ನಡುವೆ ತಡೆ, ಮತ್ತೆ ಮೂರು ಅವಸರದಲ್ಲಿ, ಮತ್ತೆ ಕೈ ಸೋತು ಒಂದು. ಕೆಳಗೆ ಕತ್ತಲಲ್ಲಿ, ಸೊಂಟದ ಮಟ್ಟದ ಎಣ್ಣೆ ನೀರಿನಲ್ಲಿ ನಿಂತು, ಮೇಲೆ ಯಾರಾದರೂ ಇದ್ದಾರೆಂದು ನಂಬಿ ಬಡಿಯುವವನು ಹೀಗೇ ಬಡಿದಿರಬೇಕು ಎಂದು ಅವನಿಗೆ ಅನ್ನಿಸಿತು. ವೇದಿಕೆಯ ಮೇಲೆ ಅಮೂಲ್ಯಾ ತನ್ನ ಕೊನೆಯ ಮಾತು ಆಡದೆ ಕೂತುಬಿಟ್ಟಳು. ಪೆನ್ಸಿಲ್ ಮೀಸೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.  ಪರದೆ ಬಿತ್ತು.

ಚಪ್ಪಾಳೆ ನಿಲ್ಲಲೇ ಇಲ್ಲ.

"ಸೂಪರ್ ಕಣೋ!" ಪ್ರಶಾಂತ್ ಓಡಿ ಬಂದು ಅವನ ಬೆನ್ನಿಗೆ ಗುದ್ದಿದ. "ಗೂಸ್‌ಬಂಪ್ಸ್! ಏನ್ ಹಾರ್ಟ್ ಬಡಿದೆ ಮಾರಾಯ!"

ವಂದನಾರ್ಪಣೆ. ಮೂರ್ತಿ ಮೈಕ್ ಹಿಡಿದರು. ಹೈಕಮಿಷನ್ನಿಗೆ ವಂದನೆ, ಪ್ರಾಯೋಜಕರಿಗೆ ವಂದನೆ, ಅಡಿಗೆಯವರಿಗೆ, ಹೂವಿನವರಿಗೆ, ಸೌಂಡಿನವರಿಗೆ, ಪಾರ್ಕಿಂಗ್ ನೋಡಿಕೊಂಡವರಿಗೆ. ಒಗ್ಗರಣೆ ವಾಸನೆ ಒಳಗೆ ಬರತೊಡಗಿತು. ಹಿಂದಿನವರು ಎದ್ದು ನಿಂತರು. ಗೋವಿಂದ ಪರದೆಯ ಅಂಚಿನಲ್ಲಿ ನಿಂತು, ಜೇಬಿನ ಫೋನು ಹೊರಗೆ ತೆಗೆದು ವೇದಿಕೆಯ ಕಡೆ ಹಿಡಿದ.

"ಕೊನೆಯದಾಗಿ," ಎಂದರು ಮೂರ್ತಿ, "ಹೊಗೆ, ಸದ್ದು, ಎಲ್ಲ ಮಾಡಿದ ನಮ್ಮ ಗೋವಿಂದ. ಬಾರೋ ಮುಂದೆ, ನಾಚ್ಕೋಬೇಡ. ಇವನ ಮುತ್ತಜ್ಜ ಕೂಡ ಅದೇ ಹಡಗಲ್ಲಿದ್ದು ಪ್ರಾಣ ಕೊಟ್ಟವರು. ಅವರ ಹೆಸರನ್ನ ಈ ಸಭೆಯಲ್ಲಿ ನೆನೀಬೇಕು. ಶ್ರೀಯುತ..."

ನಿಂತರು. ಮೂರ್ತಿ ಹಣೆ ಉಜ್ಜಿಕೊಂಡರು. ಅವರ ಮುಖದಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ಮರೆತಿದ್ದರು.

"ಏನಪ್ಪಾ ಅವರ ಹೆಸರು? ನಾಲಿಗೆ ತುದೀಲೇ ಇದೆ. ಬಾ, ನೀನೇ ಹೇಳ್ಬಿಡು," ಎಂದು ನಗುತ್ತ ಮೈಕ್ ಅವನ ಕೈಗೆ ಕೊಟ್ಟರು. ಮುಂದಿನ ಸಾಲಿನಲ್ಲಿ ಯಾರೋ ಪ್ರೀತಿಯಿಂದಲೇ ನಕ್ಕರು.

ಮೈಕ್ ಕೈಯಲ್ಲಿತ್ತು. ಹತ್ತಲ್ಲ, ಮುನ್ನೂರು ಜನ ಎದುರಿಗಿದ್ದರು. ನಮ್ಮ ಮಾತು ಬಲ್ಲವರು. ಎರಡೇ ಪದ ಹೇಳಿದ್ದರೆ ಮುಗಿಯುತ್ತಿತ್ತು. ಒಂದು ಮುದುಕಿ ಎಲೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಗೋವಿಂದನ ಬಾಯಿ ತೆರೆಯಿತು. ಅದರಲ್ಲಿ ಹೆಸರು ಇರಲಿಲ್ಲ, ಸಿಟ್ಟಿತ್ತು. ಸಾಕುತ್ತೇವೆ ಸಾಕುತ್ತೇವೆ ಎಂದು ಮೂರು ತಲೆಮಾರು ಹೇಳಿಕೊಂಡು ತಿರುಗಿದ ಮನೆಗೆ ಯಾರ ಸಾವಿಗೆ ಸಾಕುತ್ತಿದ್ದೇವೆ ಎನ್ನುವುದೇ ನೆನಪಿರಲಿಲ್ಲ.

"ಹೆಸರು ಮರೆತುಹೋಯ್ತಾ ಸಾರ್?" ಎಂದ. ಸ್ಪೀಕರುಗಳಲ್ಲಿ ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ಬಾಗಿಲು ನೆನಪಿದೆಯಾ? ನೀವೆಲ್ಲ ಚಪ್ಪಾಳೆ ತಟ್ಟಿದ್ರಲ್ಲ, ಅದು ಹಡಗಿನ ಹೃದಯ ಅಲ್ರೀ. ಒಳಗಿದ್ದವರು ಬಾಗಿಲು ಬಡೀತಾ ಇದ್ದದ್ದು! ಹೊರಗಿಂದ ಹಾಕಿದ್ದು ಇವರ ತಾ..."

ಮೈಕ್ ಸತ್ತಿತು. ಸೌಂಡಿನ ಪೆಟ್ಟಿಗೆಯ ಹತ್ತಿರ ಪ್ರಶಾಂತ್ ಬಗ್ಗಿ ನಿಂತಿದ್ದ. ಮರುಗಳಿಗೆ ಸ್ಪೀಕರುಗಳಿಂದ ನಾಡಗೀತೆ ಶುರುವಾಯಿತು. ಕಾರ್ಯಕ್ರಮದ ಕೊನೆಗೆಂದು ಇಟ್ಟುಕೊಂಡಿದ್ದ ರೆಕಾರ್ಡು. ಸಭೆಗೆ ಸಭೆಯೇ ಎದ್ದು ನಿಂತಿತು. ಗುಸುಗುಸು ಅಡಗಿತು. ಎಲ್ಲರ ಕೈ ತೊಡೆಗೆ ಅಂಟಿತು, ಎಲ್ಲರ ಕಣ್ಣು ನೇರ ನಿಂತಿತು. ನಾಡಗೀತೆ ನಡೆಯುವಾಗ ಕನ್ನಡಿಗನಾದವನು ಮಾತಾಡುವುದಿಲ್ಲ, ಪಕ್ಕಕ್ಕೂ ನೋಡುವುದಿಲ್ಲ.

ಎಲ್ಲಕ್ಕಿಂತ ಅಸಹ್ಯವೆಂದರೆ, ಗೋವಿಂದನೂ ನೆಟ್ಟಗೆ ನಿಂತುಬಿಟ್ಟ. ಕಾಲು ಜೋಡಿಸಿದ, ಬಾಯಿ ಮುಚ್ಚಿದ. ಶಾಲೆ ಅವನಿಗೆ ಅಂಟಿಸಿ ಕಳಿಸಿದ್ದು ಅದೊಂದೇ ಆಗಿತ್ತು.

ಎರಡನೇ ಚರಣಕ್ಕೆ ಎಚ್ಚರವಾಯಿತು. ಮೈಕ್ ಬಿಸಾಕಿ, ಕತ್ತಿನ ನರ ಉಬ್ಬುವ ಹಾಗೆ ಕೂಗಿದ. "ಜಟ್ಟಪ್ಪ ಅಂಬಿಗ!" ಹಾಡು ಅದನ್ನು ನುಂಗಿತು. ಮುಂದಿನ ಸಾಲಿನವರಿಗೆ ಅವನ ಬಾಯಿ ಅಗಲವಾಗಿದ್ದು ಕಂಡಿರಬೇಕು. ಕಂಡವರು ಇನ್ನಷ್ಟು ನೇರವಾಗಿ ನಿಂತರು.

ಹಾಡು ಮುಗಿದದ್ದೇ ಕುರ್ಚಿಗಳು ಸರಿದವು. "ಮಕ್ಕಳಿಗೆ ಮೊದಲು, ಮಕ್ಕಳಿಗೆ ಮೊದಲು" ಎಂದು ಯಾರೋ ಕೂಗಿದರು. ಸಭೆ ಊಟದ ಕಡೆ ಹರಿಯಿತು. ಅಮೂಲ್ಯಾ ವೇದಿಕೆಯ ಮೂಲೆಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಏನೋ ಕೇಳಲು ಒಂದು ಹೆಜ್ಜೆ ಇಟ್ಟಳು ಕೂಡ. ಅಷ್ಟರಲ್ಲಿ ಯಾರೋ ಗ್ರೂಪ್ ಫೋಟೋಗೆ ಕರೆದರು. ಹೋದಳು.

ಮೂರ್ತಿ ಹತ್ತಿರ ಬಂದು ಬಿದ್ದಿದ್ದ ಮೈಕ್ ಎತ್ತಿಕೊಂಡರು.

"ಕೆಲಸದಿಂದ ತೆಗೀತಾರೆ ಅಂದ್ಕೊಂಡಿದ್ದೀಯಾ?" ಎಂದರು. ಕೂಗಲಿಲ್ಲ. "ತೆಗಿಯಲ್ಲ. ನಮ್ಮ ಮನೇಲಿ ಯಾರೂ ನಿಮ್ಮನ್ನ ಕೈ ಬಿಟ್ಟಿಲ್ಲ, ನಾನೂ ಬಿಡಲ್ಲ. ಆದ್ರೆ ಇನ್ಮೇಲೆ ಸಂಘದ ಕಡೆ ತಲೆ ಹಾಕ್ಬೇಡ. ಊಟ ಮಾಡ್ಕೊಂಡು ಹೋಗು. ನಾಳೆ ಬೆಳಿಗ್ಗೆ ಬಾಯ್ಲರ್ ಹಚ್ಬೇಕು."

ಒದ್ದು ಓಡಿಸಿದ್ದರೆ ಊರಿಗೆ ಹೋಗಿ ಎದೆಯೆತ್ತಿ ಹೇಳಿಕೊಳ್ಳಬಹುದಿತ್ತು. ಅದನ್ನೂ ಕೊಡಲಿಲ್ಲ.

ಜೋಸೆಫ್ ತಗಡಿನ ಹಗ್ಗ ಬಿಚ್ಚುತ್ತಿದ್ದ. "ಗೋವಿ," ಎಂದ, "ಜಟಾಪ್ಪಾ ಅಂದರೆ ಯಾರು?"

ಗೋವಿಂದ ಫೋನು ಕಿವಿಗಿಟ್ಟುಕೊಂಡ. ಆ ತುದಿಯಲ್ಲಿ ಕಾಗೆಯೊಂದು ಕೂಗುತ್ತಿತ್ತು.

"ತಮಾ," ಎಂದಳು ಅಜ್ಜಿ. "ಗಲಾಟಿ ಕೇಳ್ತು. ಹಾಡು ಕೇಳ್ತು. ಹೆಸ್ರು ಕೇಳ್ಲಿಲ್ಲ. ನನ್ನ ಕಿವಿಯೂ ಸಮಾ ಇಲ್ಲ. ಹೇಳದ್ರಾ?"

ಹೇಳಿದರು ಅಜ್ಜಿ, ಎನ್ನಬಹುದಿತ್ತು. ಮುನ್ನೂರು ಜನ ಕೇಳಿದರು, ಎತ್ತಿ ಒಳಗೆ ಇಡು, ಎನ್ನಬಹುದಿತ್ತು. ಆ ಮುದುಕಿ ನಂಬಿ, ಅಪ್ಪ ಒಳಗೆ ಬಂದನೆಂದು ಅತ್ತು, ನೆಮ್ಮದಿಯಾಗಿ ಸಾಯುತ್ತಿದ್ದಳು. ಅವನ ನಾಲಿಗೆಗೆ ಆ ಸುಳ್ಳು ಬಂದೂ ಬಂತು. ಆದರೆ ಆಗತಾನೆ ಚಪ್ಪಾಳೆ ಗಿಟ್ಟಿಸಿದ ಆ ಇನ್ನೊಂದು ಸುಳ್ಳಿನ ಪಕ್ಕದಲ್ಲಿ ಇದನ್ನೂ ತಂದು ನಿಲ್ಲಿಸುವುದು ಅವನಿಂದ ಆಗಲಿಲ್ಲ.

"ನಾನೇ ಕರದೆ ಅಜ್ಜಿ. ಹಾಡು ನಡೀತಿತ್ತು. ಯಾರಿಗೂ ಕೇಳ್ಲಿಲ್ಲ."

"ಒಬ್ರಿಗೂ?"

"ಒಬ್ಬನಿಗೆ ಕೇಳ್ತು. ಜೋಸೆಫ್ ಅಂತ. ಈ ದೇಶದವ. ನನ್ನ ಜೊತೆ ಕೆಲ್ಸ ಮಾಡ್ತ."

ಅಜ್ಜಿ ಲೆಕ್ಕ ಹಾಕುತ್ತಿದ್ದಳೋ, ಅಳುತ್ತಿದ್ದಳೋ ತಿಳಿಯಲಿಲ್ಲ.

"ಒಬ್ಬ ಸಾಲೂದಿಲ್ಲ," ಎಂದಳು. "ನಮ್ಮ ಮಾತಿನಂವನೂ ಅಲ್ಲ."

"ಹೆಸರು ಹೇಳೂ ಮೊದ್ಲು ಬಾಗಿಲ ಮಾತು ಎತ್ತಿಬಿಟ್ಟೆ ಅಜ್ಜಿ. ತಪ್ಪಾಯ್ತು."

"ಬೇಡ ಅಂದಿದ್ದೆ ನಾನು."

"ಹೌದು."

"ನಿನ್ನ ಬಾಯೂ ಆಗ್ಹೋಯ್ತು ಹಂಗಾರೆ," ಎಂದಳು ಅಜ್ಜಿ. ಬೈಗುಳವಿರಲಿಲ್ಲ ದನಿಯಲ್ಲಿ, ಬಾವಿಗೆ ಬಿದ್ದ ಕೊಡದ ಬಗ್ಗೆ ಹೇಳುವ ಹಾಗೆ ಹೇಳಿದಳು. "ಇನ್ಯಾರಿದ್ರು ಆ ದೇಶದಲ್ಲಿ ಕರಿಯೂಕೆ. ಇರ್ಲಿ. ಅನ್ನ ತಣದ್ಹೋಯ್ತು. ನೀ ಉಣ್ಣು ಹೋಗು ತಮಾ, ಹಸದಿರ್ಬೇಕು." ಮತ್ತೆ ಅವಳು ಕಾಗೆಯನ್ನು ಕರೆಯುವ ಸದ್ದು ಕೇಳಿಸಿತು. ಆಮೇಲೆ ಫೋನು ಕಡಿಯಿತು.

ಜೋಸೆಫ್ ತಗಡನ್ನು ಹೆಗಲಿಗೇರಿಸಿಕೊಂಡು ಕಾರ್ಖಾನೆಯ ಪಿಕಪ್ಪಿನಲ್ಲಿ ಹಾಕಿ ಬಂದ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ, ಮತ್ತೆ ಕೇಳಲಿಲ್ಲ. "ಪೋಲೆ," ಎಂದ ಅಷ್ಟೆ. ಅವರ ಮಾತಿನಲ್ಲಿ ಅದು ಅಯ್ಯೋ ಪಾಪ ಎಂದ ಹಾಗೆ. ಇಬ್ಬರೂ ಊಟದ ಸಾಲಿನ ಕೊನೆಗೆ ಹೋಗಿ ನಿಂತರು. ಗೋವಿಂದನಿಗೆ ನಿಜವಾಗಿಯೂ ಹಸಿವಾಗಿತ್ತು. ಮುಂದೆ ನಿಂತಿದ್ದ ಗಂಡ ಹೆಂಡತಿ ಮೊಂಬಾಸಾ ರಸ್ತೆಯ ಟ್ರಾಫಿಕ್ಕಿನ ಬಗ್ಗೆ ಮಾತಾಡುತ್ತಿದ್ದವರು, ಅವನನ್ನು ಕಂಡು ಮಾತು ನಿಲ್ಲಿಸಿ ಸ್ವಲ್ಪ ಮುಂದಕ್ಕೆ ಸರಿದರು. ಬಡಿಸುವವರು ಅವನ ಮುಖ ನೋಡದೆ ಅವನ ತಟ್ಟೆಗೂ ಬಿಸಿಬೇಳೆಬಾತ್ ಹಾಕಿದರು, ಮೇಲೆ ಒಂದು ಚಮಚ ತುಪ್ಪ ಬಿಟ್ಟರು. ಅವನು ಗೋಡೆಗೆ ಆತುಕೊಂಡು ನಿಂತು ಉಂಡ.